ಮೂರನೆಯ ಕೊಂಡಿ

ಹಾಟ್‌ಸ್ಪಾಟ್ ಹಾಕು ಎಂದು ಅಕ್ಕ ಒಳಗಿನಿಂದ ಎರಡನೆಯ ಸಲ ಕೂಗಿದಾಗಲೂ ಬರಗಿ ಕೇಳಿಸದವಳ ಹಾಗೆ ರೊಪ್ಪದೊಳಗೆ ಕುರಿಗಳ ಹಿಕ್ಕೆ ಗುಡಿಸುತ್ತಲೇ ಇದ್ದಳು. ನೈಟಿಯ ಮೇಲೆ ಬಿಗಿದುಕೊಂಡ ಟವೆಲಿನ ಗಂಟಿನಲ್ಲಿ ಫೋನು ಇತ್ತು. ಒಂದು ಸಲ ಬೆರಳಿಟ್ಟರೆ ಒಳಗೆ ಅಕ್ಕನ ಯಂತ್ರಕ್ಕೆ ಲೋಕವೆಲ್ಲ ಬಂದು ಸೇರುತ್ತದೆ, ಇಡದಿದ್ದರೆ ಅದು ಬರೀ ಪೆಟ್ಟಿಗೆ. ಈ ಮನೆಯಲ್ಲಿ ತನ್ನ ಕೈಯಲ್ಲಿ ಇರುವುದು ಅಷ್ಟೇ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಎರಡು ಕೂಗಿನಷ್ಟು ಹೊತ್ತು ಹಿಡಿದಿಟ್ಟುಕೊಂಡು ಮೂರನೆಯ ಕೂಗಿಗೆ ಬಿಟ್ಟುಕೊಡುವುದು ದಿನದ ಅಭ್ಯಾಸವಾಗಿತ್ತು. ಮೂರನೆಯ ಕೂಗು ಬಂತು. ಪೊರಕೆ ಗೋಡೆಗೆ ಒರಗಿಸಿ, ಕೈ ತೊಳೆದು, ಕೆರೆಯ ಕಡೆಯ ಕಿಟಕಿಯ ಕಟ್ಟೆಯ ಮೇಲೆ ಫೋನು ನಿಲ್ಲಿಸಿದಳು. ಶ್ರೀರಾಂಪುರದ ಹೊರಗಿನ ಈ ಹಟ್ಟಿಯಲ್ಲಿ ಸಿಗ್ನಲ್ಲು ನಿಲ್ಲುವುದು ಆ ಒಂದು ಗೇಣು ಜಾಗದಲ್ಲಿ ಮಾತ್ರ. ಹಾಕಿದೀನಿ ಎಂದಳು. ಅಕ್ಕ ಸುಮಿತ್ರಾ ಅವಳ ಕಡೆ ತಿರುಗದೆ ತಲೆಯಾಡಿಸಿದಳು. ಕಣ್ಣು ಕಾಣದವಳು ತಿರುಗಿಯಾದರೂ ಏನು ಎಂದು ಬರಗಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ, ದಿನವೂ ಆಗುವ ಹಾಗೆ, ನಾಚಿಕೆಯಾಯಿತು.

ಅಪ್ಪ ಸಣ್ಣಪ್ಪ ಆ ಯಂತ್ರವನ್ನು ಹಾರ್ಮೋನಿ ಎನ್ನುತ್ತಾನೆ. ಕುರಿ ಹೊಡೆದುಕೊಂಡು ಹೊರಡುವ ಮುಂಚೆ, ಏನವ್ವ, ಇವತ್ತು ಹಾರ್ಮೋನಿ ಏನಂತೈತೆ, ಮಳೆ ಬರ್ತೈತಂತಾ ಎಂದು ಕೇಳುವುದು ಅವನ ತಮಾಷೆ. ತೊಡೆಯ ಮೇಲೆ ಕೂರುವಷ್ಟು ಅಗಲ, ಎಂಟು ದೊಡ್ಡ ಕೀಲಿ, ನಡುವೆ ಒಂದು ಉದ್ದನೆಯದು, ಅದರ ಕೆಳಗೆ ಒಂದೇ ಒಂದು ಸಾಲು. ಆ ಸಾಲಿನಲ್ಲಿ ಸಣ್ಣ ಮೊಳೆಗಳು ಏಳುತ್ತವೆ, ಬೀಳುತ್ತವೆ. ಎದ್ದ ಮೊಳೆಗಳೇ ಬ್ರೈಲ್ ಅಕ್ಷರ. ಪರದೆ ಇಲ್ಲ. ಮಾತಾಡುವ ದನಿಯೊಂದು ಇದೆ, ಅದನ್ನು ಅಕ್ಕ ಮೊದಲ ತಿಂಗಳೇ ನಿಲ್ಲಿಸಿಬಿಟ್ಟಿದ್ದಳು. ಅಲ್ಲಿಯವರೆಗೆ ಪೇಪರು ಓದಿ ಹೇಳುತ್ತಿದ್ದವಳು ಬರಗಿ, ಪುಸ್ತಕ ಓದಿ ಹೇಳುತ್ತಿದ್ದವಳು ಬರಗಿ, ಬಸ್ಸಿನ ಬೋರ್ಡು, ಗೋಡೆಯ ಬರಹ, ಸೀರೆಯ ಬಣ್ಣ, ಎದುರಿಗೆ ಬಂದವರ ಮುಖದಲ್ಲಿ ಏನಿದೆ ಎನ್ನುವುದು ಕೂಡ. ಈಗ ಅಕ್ಕ ಗೋಡೆಗೆ ಒರಗಿ, ಎಡಗೈ ಅಡ್ಡ ಹಿಡಿದು, ಬಲಗೈ ಬೆರಳು ಓಡಿಸುತ್ತ ಒಬ್ಬಳೇ ನಗುತ್ತಾಳೆ, ಒಬ್ಬಳೇ ಹುಬ್ಬು ಗಂಟು ಹಾಕುತ್ತಾಳೆ. ಏನಕ್ಕ ಅಂದರೆ ಏನಿಲ್ಲ ಬಿಡು ಅನ್ನುತ್ತಾಳೆ. ಮನೆಯಲ್ಲಿ ಎಲ್ಲವನ್ನೂ ನೋಡುತ್ತ ಕೂರುವುದೇ ಕೆಲಸವಾಗಿದ್ದ ಬರಗಿಗೆ ನೋಡಲು ಸಿಗದೆ ಇದ್ದದ್ದು ಆ ಒಂದು ಸಾಲು.

ಆದರೆ ಅವಳಿಗೆ ಚುಕ್ಕಿಗಳು ಬರುತ್ತಿದ್ದವು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೆ ಬ್ರೈಲ್ ಕಲಿಸಲು ಚಿತ್ರದುರ್ಗದಿಂದ ಚಂದ್ರಕ್ಕ ಎನ್ನುವ ಟೀಚರು ವಾರಕ್ಕೊಮ್ಮೆ ಬರುತ್ತಿದ್ದ ಕಾಲದಲ್ಲಿ ಐದು ವರ್ಷದ ಬರಗಿ ಪಕ್ಕದಲ್ಲಿ ಕೂತು, ದಪ್ಪ ಹಾಳೆಯ ಮೇಲೆ ಎದ್ದ ಚುಕ್ಕಿಗಳನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಕಲಿತಿದ್ದಳು. ಕಣ್ಣಿದ್ದವಳಿಗೆ ಇದೆಲ್ಲ ಯಾಕೆ ಎಂದು ಅವ್ವ ನಿಂಗಕ್ಕ ಗದರಿದ್ದಳು. ಅಂದಿನಿಂದ ಅದು ಕದ್ದ ವಸ್ತುವಾಗಿ ಒಳಗೆ ಉಳಿದಿತ್ತು. ಅವಳ ಹೆಸರೂ ಹಾಗೆಯೇ, ಬೇರೆ ಯಾರದೋ ಸಲುವಾಗಿ ಬಂದದ್ದು. ಸುಮಿತ್ರಾ ಎಳೆಗೂಸಾಗಿದ್ದಾಗ ಜ್ವರ ಬಂದು ಕಣ್ಣು ಹೋದವು. ಅವ್ವ ದುರ್ಗದ ಬರಗೇರಮ್ಮನಿಗೆ ಹರಕೆ ಕಟ್ಟಿಕೊಂಡಳು. ಕಣ್ಣು ಬರಲಿಲ್ಲ, ಎರಡು ವರ್ಷಕ್ಕೆ ಬರಗಿ ಬಂದಳು. ದೇವಿ ಕಣ್ಣನ್ನೇ ಬೇರೆ ಮೈಯಲ್ಲಿಟ್ಟು ಕಳಿಸಿದಾಳೆ ಎಂದು ಯಾರೋ ಅಂದರಂತೆ, ಅದೇ ಹೆಸರು ಇಟ್ಟರು. ಶಾಲೆಯಲ್ಲಿ ಹಾಜರಿ ಕೂಗುವಾಗ ಚೈತ್ರಾ, ಪ್ರೀತಿ ಎಂಬ ಹೆಸರುಗಳ ನಡುವೆ ಬರಗೇರಮ್ಮ ಎಂದಾಗ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಅವಳು ಯೆಸ್ ಸಾರ್ ಎನ್ನುವುದು ಯಾರಿಗೂ ಕೇಳಿಸುತ್ತಿರಲಿಲ್ಲ. ಎರಡೆರಡು ದಿನ ಗೈರು ಬಿದ್ದದ್ದೂ ಉಂಟು.

ಅಕ್ಕಿ ಡಬ್ಬದ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಅವಳ ಒಂಬತ್ತನೇ ತರಗತಿಯ ಟಿ.ಸಿ.ಯೂ ಎರಡು ಫೋಟೋಗಳೂ ಇದ್ದವು. ಖಾಸಗಿಯಾಗಿ ಹತ್ತನೇ ತರಗತಿ ಕಟ್ಟುವವರು ಇವತ್ತು ನಾಲ್ಕು ಗಂಟೆಯೊಳಗೆ ಅರ್ಜಿ ಕೊಡಬೇಕು ಎಂದು ಹೈಸ್ಕೂಲಿನ ಗುಮಾಸ್ತ ಜುಂಜಣ್ಣ ಹೇಳಿದ್ದ. ಅವನು ಹಿರೇಗುಂಟನೂರಿನಿಂದ ಹೊಸದಾಗಿ ವರ್ಗವಾಗಿ ಬಂದವನು, ಇವರ ಮನೆಯ ವಿಷಯ ಗೊತ್ತಿಲ್ಲದವನು. ಅದಕ್ಕೇ ಅವನ ಹತ್ತಿರ ಕೇಳಲು ಅವಳಿಗೆ ಧೈರ್ಯ ಬಂದಿತ್ತು. ಊರಿನವರಾಗಿದ್ದರೆ, ನೀನು ಪಾಸಾದ್ರೆ ನಿಮ್ಮಕ್ಕಂಗೆ ಬರೆಯೋರ್ಯಾರೇ ಎಂದು ಮೊದಲು ಕೇಳುತ್ತಿದ್ದರು.

ಆ ಮಾತು ಹುಟ್ಟಿದ್ದು ಹತ್ತು ವರ್ಷದ ಹಿಂದೆ, ಇದೇ ಪಡಸಾಲೆಯಲ್ಲಿ. ತಡವಾಗಿ ಶಾಲೆಗೆ ಸೇರಿದ್ದ ಸುಮಿತ್ರಾ ಹತ್ತನೇ ತರಗತಿಯಲ್ಲಿದ್ದಳು, ಬರಗಿ ಒಂಬತ್ತರಲ್ಲಿ. ಚಿತ್ರಲಿಂಗಪ್ಪ ಮೇಷ್ಟ್ರು ಮನೆಗೆ ಬಂದು, ಕಣ್ಣು ಕಾಣದವರ ಪರೀಕ್ಷೆಗೆ ಅವರು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೂರಿಸಬಹುದು, ಆದರೆ ಬರೆಯುವವರು ಹತ್ತನೇದು ಪಾಸಾಗಿರಬಾರದು, ನಿಮ್ಮ ಸಣ್ಣವಳೇ ಸಾಕಲ್ಲ ಎಂದರು. ಅಪ್ಪನಿಗೆ ಅದು ದೇವರೇ ಜೋಡಿಸಿಕೊಟ್ಟ ಹಾಗೆ ಕಂಡಿತು. ಬರಗಿ ಪರೀಕ್ಷೆಯ ಹಾಲಿನಲ್ಲಿ ಅಕ್ಕನ ಮಗ್ಗುಲಲ್ಲಿ ಕೂತು, ಮೊದಲು ಹೆಸರು, ಆಮೇಲೆ ನಂಬರು, ಆಮೇಲೆ ಅಕ್ಕ ಪಿಸುಗುಟ್ಟಿದ್ದು, ಒಂದಕ್ಷರ ಬಿಡದೆ ಬರೆದಳು. ಆರೂ ವಿಷಯ ಅವಳ ಕೈಯೇ ಬರೆಯಿತು. ಅಕ್ಕ ಮೊದಲ ದರ್ಜೆಯಲ್ಲಿ ಪಾಸಾದಳು. ಜೂನ್ ಬಂದಾಗ ಬರಗಿ ಹತ್ತನೇ ತರಗತಿಯ ಹೊಸ ನೋಟ್‌ಬುಕ್ಕುಗಳಿಗೆ ರಟ್ಟು ಹಾಕಿಟ್ಟಿದ್ದಳು. ಅಪ್ಪ ಅವನ್ನು ನೋಡಿ, ಬೈಯದೆ, ಬಹಳ ಮೆತ್ತಗೆ ಹೇಳಿದ. ಪಾಸಾದೋರು ಬರಿಯಂಗಿಲ್ಲ ಅಂತ ಮೇಷ್ಟ್ರೇ ಹೇಳವ್ರೆ ಕಣವ್ವ, ಪಿಯುಸಿ ಐತೆ, ಡಿಗ್ರಿ ಐತೆ, ನೀನು ಹಿಂಗೇ ಇದ್ರೆ ಅವಳು ಮುಂದಕ್ಕೋಯ್ತಾಳೆ. ಅವನ ದನಿ ಅಷ್ಟು ಮೆತ್ತಗಿಲ್ಲದಿದ್ದರೆ ಅವಳು ಅಳಬಹುದಾಗಿತ್ತು. ಆ ನೋಟ್‌ಬುಕ್ಕುಗಳಲ್ಲಿ ಅಕ್ಕನ ಪಿಯುಸಿ ನೋಟ್ಸು ಬರೆದಳು.

ಹೀಗೆ ಅವಳ ಕೈ ಪಿಯುಸಿ ಮುಗಿಸಿತು, ಹೊಸದುರ್ಗಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಬಿ.ಎ. ಮುಗಿಸಿತು. ಡಿಗ್ರಿ ಎರಡನೇ ವರ್ಷದಲ್ಲಿ ದುರ್ಗದ ಒಂದು ಟ್ರಸ್ಟಿನವರು ಅಕ್ಕನಿಗೆ ಈ ಯಂತ್ರ ಕೊಟ್ಟರು. ಸಭೆಯಲ್ಲಿ ಶಾಲು ಹೊದಿಸಿ, ಯಾರ ಹಂಗೂ ಇಲ್ಲದೆ ಇಲ್ಲಿಯವರೆಗೆ ಬಂದ ಹೆಣ್ಣುಮಗಳು ಎಂದು ಮೈಕಿನಲ್ಲಿ ಹೇಳಿದರು. ವೇದಿಕೆಯ ಮೆಟ್ಟಿಲ ಕೆಳಗೆ ಅಕ್ಕನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಗಿ ನಿಂತಿದ್ದಳು. ಫೋಟೋದವನು ಸ್ವಲ್ಪ ಪಕ್ಕಕ್ಕೆ ಹೋಗಮ್ಮ ಎಂದ. ಹೋದಳು. ಚಪ್ಪಲಿ ಕೆಳಗಿಡಬಹುದಾಗಿತ್ತಲ್ಲ, ಯಾಕೆ ಇಡಲಿಲ್ಲ ಎಂದು ಈಗಲೂ ಅವಳು ಪಾತ್ರೆ ತೊಳೆಯುವಾಗ ಕೇಳಿಕೊಳ್ಳುತ್ತಾಳೆ. ಮಾರನೆಯ ವಾರ ಚಂದ್ರಕ್ಕ ಬಂದು ಇದೇ ಕಿಟಕಿಯ ಕೆಳಗೆ ಕೂತು ಕಲಿಸಿಕೊಟ್ಟರು: ನೆಟ್‌ಗೆ ಹೋಗುವುದು ಹೀಗೆ, ದಿನಾ ಬೇಕಾಗುವ ಪೇಜುಗಳನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಹೀಗೆ, ಪಟ್ಟಿ ತೆಗೆದು ಬೇಕಾದ ಹೆಸರಿಗೆ ಬಂದು ಒತ್ತಿದರೆ ಸಾಕು, ಪೂರ್ತಿ ವಿಳಾಸ ಹೊಡೆಯಬೇಕಿಲ್ಲ. ಹೊಸದು ಯಾವಾಗಲೂ ಕೆಳಗೆ ಹೋಗಿ ಕೂರುತ್ತೆ ನೋಡು, ಮನೆಗೆ ಸೊಸೆ ಬಂದಂಗೆ ಎಂದು ನಕ್ಕಿದ್ದರು. ಅವತ್ತು ಅಕ್ಕ ಆ ಪಟ್ಟಿಗೆ ಎರಡು ಕೊಂಡಿ ಸೇರಿಸಿದಳು. ಒಂದು ಪೇಪರು, ಇನ್ನೊಂದು ರೇಡಿಯೊ. ಫೋನು ಹಿಡಿದು ನಿಂತಿದ್ದ ಬರಗಿಗೆ ಅದು ಚೆನ್ನಾಗಿ ನೆನಪಿತ್ತು.

ಬಿ.ಎ. ಆದ ಮೇಲೆ ಕೆಲಸದ ಪರೀಕ್ಷೆಗಳು. ಕಳೆದ ವರ್ಷದ್ದರಲ್ಲಿ ಅಕ್ಕ ಒಂದು ಅಂಕದಲ್ಲಿ ಹೋದಳು. ಆ ಒಂದು ಅಂಕ ಎಲ್ಲಿ ಹೋಯಿತು ಎಂದು ಮನೆಯಲ್ಲಿ ಬರಗಿಗೆ ಮಾತ್ರ ಗೊತ್ತಿತ್ತು. ಹಿರಿಯೂರಿನ ಹತ್ತಿರದ ವಾಣಿ ವಿಲಾಸ ಸಾಗರ ಯಾವ ನದಿಗೆ ಕಟ್ಟಿದ್ದು ಎಂಬ ಪ್ರಶ್ನೆ. ಬರಗಿ ನಾಲ್ಕು ಉತ್ತರ ಓದಿದಳು. ಸುಸ್ತಾಗಿದ್ದ ಅಕ್ಕ ಎರಡು ಅಂದಳು. ಮೂರನೆಯದು ವೇದಾವತಿ. ಅಣೆಕಟ್ಟಿನ ಮೇಲೆ ಇಬ್ಬರೂ ಕೈ ಹಿಡಿದುಕೊಂಡು ನಡೆದಿದ್ದರು, ನೀರು ಎಷ್ಟು ಹಸಿರಾಗಿದೆ ಎಂದು ಬರಗಿಯೇ ವರ್ಣಿಸಿ ಹೇಳಿದ್ದಳು. ಇನ್ನೊಂದು ಸಲ ನಿಧಾನವಾಗಿ ಓದಿದ್ದರೆ ಅಕ್ಕ ತಿದ್ದಿಕೊಳ್ಳುತ್ತಿದ್ದಳು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಬರಗಿ ಎರಡನೆಯ ಗುಂಡಿಯನ್ನು ಅಂಚು ಮೀರದ ಹಾಗೆ, ಚೆಂದವಾಗಿ ಕಪ್ಪು ಮಾಡಿದಳು. ನನ್ನ ಕೆಲಸ ಹೇಳಿದ್ದನ್ನು ಬರೆಯುವುದು. ಪೆನ್ನು ತಿರುಗುತ್ತಿರುವಾಗ ಎದೆಯಲ್ಲಿ ಏನೋ ಹಿತವಾಗಿ ಬೆಚ್ಚಗಾದದ್ದು ಹೌದೋ ಅಲ್ಲವೋ ಎಂದು ಆಮೇಲೆ ಎಷ್ಟು ಕೆದಕಿದರೂ ಅವಳಿಗೆ ತೀರ್ಮಾನವಾಗಿರಲಿಲ್ಲ. ಫಲಿತಾಂಶ ಬಂದ ದಿನ ಅಕ್ಕ ಊಟ ಬಿಟ್ಟಳು. ಬರಗಿಯೂ ಬಿಟ್ಟಳು. ಅವಳನ್ನು ನೋಡಿ ಅವ್ವ, ಅಕ್ಕಂದ್ರೆ ಎಷ್ಟು ಜೀವ ನೋಡು ಎಂದು ಕಣ್ಣೊರೆಸಿಕೊಂಡಳು.

ಬರುವ ಭಾನುವಾರ ಇನ್ನೊಂದು ಪರೀಕ್ಷೆ, ಚಿತ್ರದುರ್ಗದಲ್ಲಿ. ವಾರದ ಹಿಂದೆ ಬರಗಿ, ರಾಗಿ ಕೇರುತ್ತ, ಬೇರೆ ಏನೋ ಹೇಳುವವಳ ಹಾಗೆ, ನಾನು ಹತ್ತನೇದು ಕಟ್ಟಿ ಪಾಸಾದರೂ ನಿನಗೆ ಬರೆಯಬಹುದಾ ಅಕ್ಕ, ನೆಟ್ಟಿನಲ್ಲಿ ಸ್ವಲ್ಪ ನೋಡು ಎಂದಿದ್ದಳು. ಅಕ್ಕ ನೋಡುತ್ತೇನೆ ಎಂದಿದ್ದಳು. ಮೂರು ದಿನ ಬಿಟ್ಟು ಕೇಳಿದಾಗ ನೆಟ್ ಬರುತ್ತಿಲ್ಲ ಎಂದಳು. ಇವತ್ತು ಕಿಟಕಿಯ ಹತ್ತಿರ ನಿಂತು ಮತ್ತೆ ಕೇಳಿದಾಗ, ಹುಡುಕ್ತಿದೀನಲ್ಲ, ಆ ಪೇಜು ಇನ್ನೂ ಸಿಕ್ಕಿಲ್ಲ ಎಂದಳು. ಬೆರಳು ಮಾತ್ರ ಓಡುತ್ತಲೇ ಇತ್ತು, ಏನೋ ಸಿಕ್ಕಿದ್ದನ್ನೇ ಓದುವ ಬೆರಳಿನ ಹಾಗೆ. ಬರಗಿ ಗೋಡೆಯ ಗಡಿಯಾರ ನೋಡಿದಳು. ಎರಡೂವರೆ.

ಅಷ್ಟರಲ್ಲಿ ನೀರು ಕಾದಿದೆ, ಆರಿಹೋಗುತ್ತೆ ಬಾ ಎಂದು ಅವ್ವ ಬಚ್ಚಲಿನಿಂದ ಕರೆದಳು. ಸುಮಿತ್ರಾ ಎದ್ದಳು. ಯಾವಾಗಲೂ ಯಂತ್ರದ ಮುಚ್ಚಳ ಹಾಕಿ ಏಳುವವಳು ಇವತ್ತು ಹಾಕಲಿಲ್ಲ. ಮರೆತಳೋ, ಕಣ್ಣಿದ್ದವರಿಗೆ ಆ ಸಾಲು ಹೇಗೂ ಕಾಣುವುದಿಲ್ಲ ಎನ್ನುವ ಧೈರ್ಯವೋ. ಕಿಟಕಿಯಿಂದ ಇಳಿಬಿಸಿಲು ಓರೆಯಾಗಿ ಬಿದ್ದು ಪ್ರತಿಯೊಂದು ಮೊಳೆಗೂ ಎಳ್ಳುಕಾಳಿನಷ್ಟು ನೆರಳು ಬಂದಿತ್ತು. ಬರಗಿ ಮುಟ್ಟಲಿಲ್ಲ, ಬಾಗಿ ನೋಡಿದಳು ಅಷ್ಟೇ. ನೆರಳುಗಳು ತಾವಾಗಿ ಅಕ್ಷರವಾದವು. ಪೇಪರು. ಪಟ್ಟಿ ತೆರೆದೇ ಇತ್ತು. ಬಚ್ಚಲಿನಲ್ಲಿ ಚೊಂಬಿನ ಸದ್ದು. ಮುಂದಕ್ಕೆ ಹೋಗುವ ಕೀಲಿಯನ್ನು ಒತ್ತಿದಳು. ಮೊಳೆಗಳು ಚಟಪಟ ಬಿದ್ದು ಎದ್ದವು. ರೇಡಿಯೊ. ಇನ್ನೊಮ್ಮೆ ಒತ್ತಿದಳು.

ಬರೆಯುವವರ ನಿಯಮ.

ಮೊದಲು ಅವಳಿಗೆ ಸಂತೋಷವೇ ಆಯಿತು. ಪಾಪ, ಅಕ್ಕ ಹುಡುಕಿ ಸೇರಿಸಿಟ್ಟಿದಾಳೆ, ಓದಿ ನೋಡಿ ಹೇಳೋಣ ಅಂತಿದ್ದಾಳೆ ಎಂದುಕೊಂಡಳು. ಅದನ್ನು ತೆರೆದಳು. ಮೂವತ್ತೆರಡು ಅಕ್ಷರದಷ್ಟೇ ಜಾಗ, ಪ್ರತಿ ಸಲ ಒತ್ತಿ ಒತ್ತಿ ತುಂಡು ತುಂಡಾಗಿ ಬರಬೇಕು. ಬರೆಯುವವರ ವಿದ್ಯಾರ್ಹತೆ. ಅಭ್ಯರ್ಥಿಯ ವಿದ್ಯಾರ್ಹತೆಗಿಂತ. ಒಂದು ಹಂತ ಕಡಿಮೆ ಇದ್ದರೆ ಸಾಕು. ಉದಾಹರಣೆಗೆ ಪದವಿ ಮಟ್ಟದ ಪರೀಕ್ಷೆಗೆ. ಪಿಯುಸಿ ಪಾಸಾದವರು ಬರೆಯಬಹುದು. ಅವಳು ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಒಂದೇ ತರಗತಿ ಹಿಂದಿನವಳು ತಾನು. ಅಕ್ಕನ ಹಿಂದೆಯೇ ಓದುತ್ತ ಹೋಗಿ, ಪ್ರತಿ ವರ್ಷ ಪಾಸಾಗಿ ಪಿಯುಸಿ ಮುಗಿಸಿದ್ದರೂ, ಯಾವ ಹಾಲಿನಲ್ಲೂ ಯಾರೂ ಅವಳನ್ನು ಎಬ್ಬಿಸಿ ಕಳಿಸುತ್ತಿರಲಿಲ್ಲ. ಮೇಷ್ಟ್ರು ಒಂದು ಪರೀಕ್ಷೆಗೆ ಹೇಳಿದ್ದನ್ನು ಅಪ್ಪ ಜನ್ಮಕ್ಕೆ ಎಂದು ತಿಳಿದುಕೊಂಡಿದ್ದ. ಓದು ಬಾರದ ಅಪ್ಪನ ತಪ್ಪು, ಅದಕ್ಕೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದದ್ದು ಆಮೇಲೆ, ಪಟ್ಟಿಗೆ ವಾಪಸು ಹೋಗಿ ಸುಮ್ಮನೆ ಎಣಿಸಿದಾಗ. ಒಟ್ಟು ನಲವತ್ತೊಂದು ಕೊಂಡಿ. ಹೊಸದು ಯಾವಾಗಲೂ ಕೆಳಗೆ. ಇದು ಮೂರನೆಯದು. ಚಂದ್ರಕ್ಕ ಕಲಿಸಿಕೊಟ್ಟ ಆ ವಾರವೇ ಇರಬೇಕು, ಆರು ವರ್ಷದ ಹಿಂದೆ, ಅಕ್ಕ ತಾನಾಗಿ ಹುಡುಕಿದ ಮೊದಲ ಪೇಜು. ಅವತ್ತೂ ಫೋನು ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಿದ್ದವಳು ತಾನೇ ಇರಬೇಕು. ಮತ್ತೆ ಆ ಪೇಜು ತೆರೆದು, ಒಂದು ಹಂತ ಕಡಿಮೆ ಎಂಬ ಸಾಲನ್ನು ಹಾಗೇ ಎಬ್ಬಿಸಿಟ್ಟು, ಎದುರು ಗೋಡೆಗೆ ಒರಗಿ ಕೂತಳು.

ಸುಮಿತ್ರಾ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದು, ಗೋಡೆ ಸವರಿ, ತನ್ನ ಜಾಗದಲ್ಲಿ ಕೂತು ಯಂತ್ರವನ್ನು ತೊಡೆಗೆ ಎಳೆದುಕೊಂಡಳು. ಬೆರಳು ಸಾಲಿನ ಕೊನೆಯವರೆಗೆ ಹೋಯಿತು, ನಿಂತಿತು, ಮತ್ತೆ ಮೊದಲಿಗೆ ಬಂತು.

"ಇದನ್ನ ಯಾರು ಮುಟ್ಟಿದ್ದು?"

ಬರಗಿ ಉಸಿರು ಹಿಡಿದಳು.

"ಅಲ್ಲೇ ಇದೀಯ. ಹಿಕ್ಕೆ ವಾಸ್ನೆ ಬರ್ತೈತೆ."

"ನಾನೇ," ಎಂದಳು ಬರಗಿ.

"ನಿಂಗೆ ಚುಕ್ಕಿ ಬರ್ತವಾ?"

"ಬರ್ತವೆ."

"ಯಾವಾಗಿಂದ?"

"ನಿಂಗೆ ಬಂದಾಗಿಂದ."

ಸುಮಿತ್ರಾಳ ಮುಖ ಸಣ್ಣದಾಯಿತು. ಬರಗಿ ನಿರೀಕ್ಷಿಸಿದ್ದು ಬೇರೆ. ಅವಳು ತಡವರಿಸುತ್ತಾಳೆ, ಏನಾದರೂ ಸುಳ್ಳು ಕಟ್ಟುತ್ತಾಳೆ ಎಂದುಕೊಂಡಿದ್ದಳು. ಅಕ್ಕ ಮೋಸ ಹೋದವಳ ಹಾಗೆ, ಬಟ್ಟೆ ಬದಲಿಸುವಾಗ ಯಾರೋ ನಿಂತು ನೋಡಿದ್ದು ಈಗ ಗೊತ್ತಾದವಳ ಹಾಗೆ, ಯಂತ್ರವನ್ನು ಎದೆಗೆ ಅವುಚಿಕೊಂಡಳು. ಇಷ್ಟು ವರ್ಷ ನನ್ನ ಮಗ್ಗುಲಲ್ಲಿ ಕೂತು ಎಲ್ಲಾ ಓದ್ತಿದ್ದೆಯಾ, ನನಗೆ ಅಂತ ಇರೋದು ಇದೊಂದೇ ಸಾಲು ಎಂದಳು. ಇಲ್ಲಕ್ಕ, ನೀನು ಕೈ ಅಡ್ಡ ಇಡ್ತಿದ್ದೆ, ಇವತ್ತೇ ಮೊದಲು, ತಪ್ಪಾಯ್ತು ಎಂದು ಬರಗಿಯ ಬಾಯಿ ತಾನಾಗಿ ಹೇಳುತ್ತಿತ್ತು. ಹೇಳುತ್ತಿರುವಾಗಲೇ ಅವಳಿಗೆ ಹೊಳೆಯಿತು, ಈಗಲೂ ಕ್ಷಮೆ ಕೇಳುತ್ತಿರುವುದು ತಾನೇ.

"ಅದು ಮೂರನೇದು, ಅಕ್ಕ," ಎಂದಳು. "ಪೇಪರು, ರೇಡಿಯೊ ಆದ್ಮೇಲೆ ಅದೇ ಐತೆ."

ಸುಮಿತ್ರಾಗೆ ಅರ್ಥವಾಯಿತು. ಟವೆಲಿನಿಂದ ಒಂದು ಹನಿ ಕೀಲಿಯ ಮೇಲೆ ಬಿತ್ತು. ಅದನ್ನು ಸೆರಗಿನಿಂದ ಒರೆಸಿದಳು.

"ಹೂಂ," ಎಂದಳು. "ಡಿಗ್ರಿ ಸೆಕೆಂಡ್ ಇಯರ್‌ನಲ್ಲಿ, ಇದು ಬರೋ ಮುಂಚೆ, ನಿಂಗೆ ಜ್ವರ ಬಂದಿತ್ತು ನೋಡು, ಬೇರೆ ಹುಡುಗಿ ಬಂದು ಬರೆದ್ಲು. ನಾನು ಹೇಳಿದ್ದು ಅರ್ಧ ಬರೆದು ಹಾಳೆ ಮಡಿಸಿಟ್ಲು. ನಂಗೆ ಗೊತ್ತಾಗಿದ್ದು ರಿಸಲ್ಟ್ ಬಂದಾಗ. ನೀನು ಕಾಲೇಜಿಗೆ ಅಂತ ಹೋಗಿದ್ರೆ ನನ್ನ ಪರೀಕ್ಷೆ ದಿನ ನಿಂಗೂ ಪರೀಕ್ಷೆ ಇರ್ತಿತ್ತು. ನಂಗೆ ಅದೇ ಹುಡುಗಿ ಸಿಗ್ತಿದ್ಲು. ಹೇಳಾಣ ಹೇಳಾಣ ಅಂತ ಇದ್ದೆ. ವರ್ಷ ಕಳೀತು, ಆಮೇಲೆ ಹೇಳಾಕೆ ಮುಖ ಇರ್ಲಿಲ್ಲ." ಮೆತ್ತಗೆ ಸೇರಿಸಿದಳು, ಅಪ್ಪನ ದನಿಯಲ್ಲೇ. "ನಿನ್ನಂಗೆ ಯಾರೂ ಬರಿಯಲ್ಲ ಕಣೇ. ನೀನು ನಾನು ಹೇಳಿದ್ದೇ ಬರೀತೀಯ."

ವೇದಾವತಿ ಎಂದು ಬರಗಿಯ ಗಂಟಲಲ್ಲಿ ಬಂದು ನಿಂತಿತು. ಹೇಳಿಬಿಟ್ಟರೆ ಈ ಕ್ಷಣವೇ ಇಬ್ಬರ ಲೆಕ್ಕವೂ ಸಮವಾಗುತ್ತಿತ್ತು. ಆದರೆ ಹೇಳಿದರೆ ನೊಂದವಳಾಗಿ ಈಗ ತಾನೇ ಸಿಕ್ಕ ಈ ಜಾಗವನ್ನೂ ಬಿಟ್ಟು ಏಳಬೇಕಾಗುತ್ತಿತ್ತು. ಜೀವಮಾನದಲ್ಲಿ ತನ್ನದೇ ಎಂದು ಸಿಕ್ಕಿದ್ದು ಇದೊಂದು.

"ಹೌದು. ನೀನು ಹೇಳಿದ್ದೇ ಬರೀತೀನಿ," ಎಂದಳು.

ಅಕ್ಕ ಅದನ್ನು ಸಮಾಧಾನದ ಮಾತು ಎಂದು ತೆಗೆದುಕೊಂಡಳು. ಅವಳ ಹೆಗಲು ಸಡಿಲವಾದದ್ದು ಬರಗಿಗೆ ಕಾಣಿಸಿತು. ಭಾನುವಾರ ಬರ್ತೀಯಲ್ಲ ಎಂದು ಕೇಳಿದಳು. ಬರಗಿ ಅಕ್ಕಿ ಡಬ್ಬದ ಹಿಂದಿನ ಕವರು ತೆಗೆದುಕೊಂಡು, ಚೂಡಿದಾರ ಹಾಕಿಕೊಂಡು, ಕಿಟಕಿಯ ಕಟ್ಟೆಯಿಂದ ಫೋನು ತೆಗೆದು ಹೊರಬಿದ್ದಳು. ಬರಗಿ, ನೆಟ್ ಹೋಯ್ತು ಎಂದು ಒಳಗಿನಿಂದ ಅಕ್ಕ ಕೂಗುವುದು ರೊಪ್ಪದ ಬೇಲಿ ದಾಟುವವರೆಗೆ ಕೇಳಿಸುತ್ತಿತ್ತು. ಎರಡು ಸಲ ಕೂಗಿದಳು. ಮೂರನೆಯದಕ್ಕೆ ಬರಗಿ ಓಡತೊಡಗಿದಳು.

ಹೈಸ್ಕೂಲು ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಕರೆಂಟು ಇರಲಿಲ್ಲ, ಆಫೀಸಿನ ಕೋಣೆ ಕತ್ತಲೆಗಟ್ಟಿತ್ತು. ಜುಂಜಣ್ಣ ಬೀಗ ಕೈಯಲ್ಲಿ ಹಿಡಿದು ನಿಂತಿದ್ದ. ಇಷ್ಟು ದಿನ ಏನ್ ಮಾಡ್ತಿದ್ದೆಯಮ್ಮ, ಒಂದೇ ಫಾರಂ ಉಳಿದೈತೆ, ಕುಂತ್ಕಂಡು ಬೇಗ ತುಂಬು, ನಾಳೆ ಕಂಪ್ಯೂಟರಿಗೆ ಹಾಕ್ತೀನಿ ಎಂದು ಗೊಣಗುತ್ತ ಹಾಳೆ ಕೊಟ್ಟ. ಬರಗಿ ಬೆಂಚಿನ ತುದಿಯಲ್ಲಿ ಕೂತಳು. ಉಸಿರು ಇನ್ನೂ ಓಡುತ್ತಿತ್ತು. ತೆರೆದ ಬಾಗಿಲು, ಬೆಂಚು, ಮುದ್ರಿಸಿದ ಹಾಳೆ, ಹೊತ್ತಾಯಿತು ಎನ್ನುವ ಗಂಡಸಿನ ದನಿ. ಎಲ್ಲ ಪರಿಚಯದ್ದು. ಅಭ್ಯರ್ಥಿಯ ಹೆಸರು ಎಂಬ ಕಡೆ ಪೆನ್ನು ಇಟ್ಟಳು. ಕೈ ತಾನಾಗಿ, ಒಂದು ಕಡೆಯೂ ತಡೆಯದೆ, ದುಂಡಗೆ ಬರೆಯಿತು. ಮೊದಲು ಹೆಸರು, ಆಮೇಲೆ ನಂಬರು. ನಂಬರಿನ ಜಾಗ ಹುಡುಕುತ್ತ ಪೆನ್ನು ಹಾಳೆಯ ಮೇಲೆ ಅಲೆದಾಗಲೇ ಅವಳು ನೋಡಿದ್ದು. ಸುಮಿತ್ರಾ ಎಸ್.

ಅವಳು ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಂಡಳು, ಅಕ್ಕ ಮುಚ್ಚಿಕೊಳ್ಳುವ ಹಾಗೆಯೇ. ಇನ್ನೊಂದು ಹಾಳೆ ಸಿಗುತ್ತಾ ಎಂದು ಕೇಳಿದ್ದು ತನಗೇ ಕೇಳಿಸಲಿಲ್ಲ, ಎರಡನೆಯ ಸಲ ಕೇಳಬೇಕಾಯಿತು. ಎಲ್ಲೈತಮ್ಮ, ಕರೆಂಟಿಲ್ಲ, ಜೆರಾಕ್ಸೂ ಇಲ್ಲ, ಗೆರೆ ಎಳೆದು ಕೆಳಗೆ ಬರಿ, ನಾನು ಸಹಿ ಹಾಕ್ತೀನಿ ಎಂದ ಜುಂಜಣ್ಣ. ಅವಳು ಅಕ್ಕನ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಅದಕ್ಕೆ ಅಷ್ಟು ಬಲ ಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ, ಹಾಳೆ ಒಂದು ಕಡೆ ಹರಿಯಿತು. ಕೆಳಗೆ ತನ್ನ ಹೆಸರು ಬರೆಯಹೋದಾಗ ರ ಎಲ್ಲಿ ತಿರುಗಬೇಕು, ಗೇ ಎಷ್ಟು ಎತ್ತರ ಎಂದು ಕೈ ಕೇಳತೊಡಗಿತು. ಯಾರೂ ಪಿಸುಗುಟ್ಟಿ ಹೇಳುತ್ತಿರಲಿಲ್ಲ. ಅಕ್ಷರಗಳು ಸಾಲು ಬಿಟ್ಟು ಇಳಿದವು, ಕೊನೆಯ ಮ್ಮ ಅಂಚಿಗೆ ಒತ್ತಿಕೊಂಡು ನಿಂತಿತು. ಒಂಬತ್ತನೇ ತರಗತಿಯ ಹುಡುಗಿಯ ಅಕ್ಷರ. ಅಲ್ಲಿಂದ ಮುಂದಕ್ಕೆ ಅದು ಬೆಳೆದೇ ಇರಲಿಲ್ಲ.

ಉಳಿದದ್ದನ್ನೂ ತುಂಬಿ ಕೊಟ್ಟಾಗ ಜುಂಜಣ್ಣ ಕನ್ನಡಕ ಏರಿಸಿ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದ. ಗೆರೆ ಎಳೆದದ್ದನ್ನೂ ಅದರ ಕೆಳಗಿನದನ್ನೂ ಎರಡು ಸಲ ನೋಡಿದ.

"ಮೇಲಿಂದು ಮುತ್ತು ಪೋಣಿಸ್ದಂಗೈತೆ. ಇದನ್ನ ಬರೆದೋರ್ಯಾರು?"

"ನಮ್ಮಕ್ಕ," ಎಂದಳು ಬರಗಿ.

"ಅಂಗಾದ್ರೆ ಪೂರ್ತಿ ಅವಳ ಕೈಲೇ ಬರೆಸ್ಕಂಡು ಬರ್ಬೇಕಿತ್ತು ಕಣಮ್ಮ," ಎಂದು ಅವನು ಸೀಲು ಒತ್ತಿದ.